ಮನೆ ಹತ್ತಿರದ ವೈನ್ ಅಂಗಡಿಯ ಟೇಸ್ಟಿಂಗ್: ಯಾವ ಸಂಜೆಗೆ ಹೋಗುವುದು, ಯಾವ ಬಾಟಲಿ ತರುವುದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್ ಕಡೆ ಇರುವ ನಮ್ಮವರು ವೈನ್ ಬಗ್ಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮನೆ ಹತ್ತಿರದ ವೈನ್ ಅಂಗಡಿಯವರು ಶುಕ್ರವಾರ ಸಂಜೆ ಟೇಸ್ಟಿಂಗ್, ಅಂದರೆ ಹಲವು ವೈನ್‌ಗಳನ್ನು ಗುಟುಕು ಗುಟುಕಾಗಿ ರುಚಿ ನೋಡುವ ಕೂಟ, ಇಡುತ್ತಾರೆ. ಆಗಾಗ ಕೂರಿಸಿ ಕ್ಲಾಸ್ ಮಾಡುತ್ತಾರೆ. ಒಮ್ಮೊಮ್ಮೆ ವೈನ್ ಮಾಡುವವರನ್ನೇ ಕರೆಸುತ್ತಾರೆ. ತಿಂಗಳಿಗೆ ಎರಡು ಬಾಟಲಿಯ ಕ್ಲಬ್ಬಿಗೆ ಸೇರಿ ಅಂತಲೂ ಹೇಳುತ್ತಾರೆ. ಇಷ್ಟರಲ್ಲಿ ಯಾವುದಕ್ಕೆ ದುಡ್ಡು ಹಾಕುವುದು? ಇದೆಲ್ಲ ಬಿಟ್ಟು ಒಂದು ಶನಿವಾರ ವೈನ್ ತೋಟಗಳ ನಾಪಾ ಕಣಿವೆಗೆ ಹೋಗಿ ಬಂದರೆ ಸಾಲದೇ? ಕಾಸ್ಟ್‌ಕೋದಂಥ ದೊಡ್ಡ ಮಳಿಗೆಯಿಂದ ಒಂದು ಬಾಟಲಿ ತಂದು ಮನೆಯಲ್ಲೇ ಕುಡಿದರೆ ಏನು ಕಡಿಮೆಯಾಗುತ್ತದೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೈನ್‌ಗೆ ಹೊಸಬರಾಗಿದ್ದು, ಮನೆಯಲ್ಲಿ ಸಾರು, ಹುಳಿ, ಪಲ್ಯ ಉಣ್ಣುವವರಾಗಿದ್ದರೆ ಆ ಶುಕ್ರವಾರದ ಸಣ್ಣ ಟೇಸ್ಟಿಂಗ್‌ನಷ್ಟು ಲಾಭದ್ದು ಇನ್ನೊಂದಿಲ್ಲ. ಬಾಟಲಿಗೆ ದುಡ್ಡು ಕೊಡುವ ಮುಂಚೆ ಗುಟುಕಿಗೆ ದುಡ್ಡು ಕೊಡಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಆದರೆ ಎಲ್ಲರ ಅಗತ್ಯವೂ ಅದೇ ಅಲ್ಲ. ವೈನ್ ಕುಡಿಯದವರು ಈ ಬರಹ ಓದಿ ಶುರು ಮಾಡಬೇಕಾಗಿಯೂ ಇಲ್ಲ. ಈಗಾಗಲೇ ಅಪರೂಪಕ್ಕೆ ಒಂದು ಗ್ಲಾಸ್ ಕುಡಿಯುವವರು, ಕುಡಿಯುವುದನ್ನು ತಿಳಿದು ಕುಡಿಯಲಿ ಎಂಬುದಷ್ಟೇ ನನ್ನ ಆಸೆ.

ಯಾವುದರಿಂದ ಅಳೆಯುವುದು

ನಾನು ನೋಡುವುದು ನಾಲ್ಕು ವಿಷಯ. ಒಂದು, ಕೊಟ್ಟ ದುಡ್ಡಿಗೆ ಎಷ್ಟು ಬಗೆಯ ವೈನ್ ನಾಲಿಗೆಗೆ ತಾಗುತ್ತದೆ. 25 ಡಾಲರಿನ ಬಾಟಲಿ ತಂದು ಇಷ್ಟವಾಗಲಿಲ್ಲವೆಂದರೆ ಅಷ್ಟೂ ಹೋಯಿತು. ಅದೇ ವೈನ್ ಹಿಡಿಸುವುದಿಲ್ಲವೆಂದು ಒಂದು ಗುಟುಕಿನಲ್ಲಿ ಗೊತ್ತಾದರೆ ಮೂರ್ನಾಲ್ಕು ಡಾಲರಿಗೆ ಪಾಠ ಮುಗಿಯಿತು. ಎರಡು, ಗ್ಲಾಸಿಗೆ ಸುರಿಯುವವರು ಯಾರು, ನಮ್ಮ ಜೊತೆ ಮಾತಾಡಲು ಅವರಿಗೆ ಬಿಡುವಿದೆಯೇ. ಮೂರು, ಅಲ್ಲಿ ಹಿಡಿಸಿದ ವೈನ್ ನಮ್ಮ ಮನೆಯ ಊಟಕ್ಕೆ ಹೊಂದುತ್ತದೆಯೇ. ನಾಲ್ಕು, ಅದು ಮುಗಿದ ಮೇಲೆ ಮನೆಗೆ ಹೇಗೆ ಬರುತ್ತೀರಿ.

ಈ ನಾಲ್ಕನೆಯದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ, ನಾನು ಮೊದಲಿಗೇ ತರುತ್ತೇನೆ. ಇಲ್ಲಿಯ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 12% ಆಲ್ಕೋಹಾಲ್ ಇರುವ ವೈನ್ 5 ಔನ್ಸ್, ಅಂದರೆ ಸುಮಾರು 150 ಮಿ.ಲೀ. ಒಂದು 750 ಮಿ.ಲೀ. ಬಾಟಲಿಯಲ್ಲಿ ಇಂಥ ಐದು ಗ್ಲಾಸ್ ಸಿಗುತ್ತವೆ. ಟೇಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ 1ರಿಂದ 2 ಔನ್ಸ್ ಸುರಿಯುತ್ತಾರೆ. ತಲಾ 1 ಔನ್ಸಿನಂತೆ ಐದು ವೈನ್ ಕುಡಿದರೆ ಒಂದು ಡ್ರಿಂಕ್ ಆಯಿತು, 2 ಔನ್ಸಿನಂತೆ ಕುಡಿದರೆ ಎರಡು. ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್‌ನಂಥ ರೆಡ್ ವೈನ್‌ಗಳಲ್ಲಿ ಆಲ್ಕೋಹಾಲ್ 15% ತಲುಪುವುದು ಮಾಮೂಲು. ಹಾಗಾಗಿ ಅದೇ ಗ್ಲಾಸು ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚಾಗುತ್ತದೆ. ಇಲ್ಲಿ ಗಾಡಿ ಓಡಿಸುವವರಿಗೆ ರಕ್ತದಲ್ಲಿ ಆಲ್ಕೋಹಾಲಿನ ಮಿತಿ 0.08%. ವರ್ಕ್ ವೀಸಾದಲ್ಲಿ ಇರುವವರು ಇನ್ನೊಂದು ಮಾತು ನೆನಪಿಡಬೇಕು: ಕುಡಿದು ಗಾಡಿ ಓಡಿಸಿದ ಆರೋಪದಲ್ಲಿ ಅರೆಸ್ಟ್ ಆದರೆ, ಕೋರ್ಟಿನಲ್ಲಿ ತೀರ್ಪು ಬರುವ ಮುಂಚೆಯೇ ಪಾಸ್‌ಪೋರ್ಟಿನ ವೀಸಾ ರದ್ದಾಗುವುದುಂಟು. ನಡೆದು ಹೋಗಿ ನಡೆದು ಬರಬಹುದಾದ ಅಂಗಡಿಗೆ ನಾನು ಇಷ್ಟು ಬೆಲೆ ಕೊಡುವುದು ಇದಕ್ಕೇ.

ಶುಕ್ರವಾರದ ಟೇಸ್ಟಿಂಗ್

ಕೌಂಟರಿನ ಮೇಲೆ ನಾಲ್ಕರಿಂದ ಆರು ಬಾಟಲಿ ಸಾಲಾಗಿ ಇಟ್ಟಿರುತ್ತಾರೆ. ನಿಂತುಕೊಂಡೇ ಕುಡಿಯುವುದು. ಒಬ್ಬರಿಗೆ 15ರಿಂದ 25 ಡಾಲರ್ ಇರುತ್ತದೆ. ಬಾಟಲಿ ಕೊಂಡರೆ ಅದರಲ್ಲಿ ಒಂದು ಭಾಗ ಅಥವಾ ಪೂರ್ತಿ ವಜಾ ಮಾಡುವ ಅಂಗಡಿಗಳೂ ಇವೆ, ಮೊದಲೇ ಕೇಳಿಕೊಳ್ಳಿ. ಸೂಪರ್‌ಮಾರ್ಕೆಟ್‌ಗಳಲ್ಲಿ ಸಣ್ಣ ಜಾಗ ಕಟ್ಟಿ ರುಚಿ ನೋಡಿಸುವುದಕ್ಕೆ ಬೇರೆ ಲೈಸೆನ್ಸು. ಅಲ್ಲಿ ಒಂದು ಸಲಕ್ಕೆ 1 ಔನ್ಸ್, ಒಬ್ಬರಿಗೆ ದಿನಕ್ಕೆ ಮೂರು ರುಚಿ, ಅಷ್ಟೇ. ವೈನನ್ನೇ ನೆಚ್ಚಿಕೊಂಡ ಅಂಗಡಿಯಲ್ಲಿ ಕೈ ಸ್ವಲ್ಪ ಧಾರಾಳ.

ಇದರ ದೊಡ್ಡ ಲಾಭ ಸುರಿಯುವವರೇ ಬಾಟಲಿ ಆರಿಸಿದವರಾಗಿರುವುದು. ಆ ವೈನನ್ನು ಯಾಕೆ ತರಿಸಿದರು, ಎಷ್ಟು ದಿನದಿಂದ ಮಾರುತ್ತಿದ್ದಾರೆ, ಅದೇ ಬೆಲೆಗೆ ಇನ್ನೇನು ಇದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಅವರ ಹತ್ತಿರ ವೈನ್ ಪುಸ್ತಕದ ಭಾಷೆ ಮಾತಾಡಬೇಕಾಗಿಲ್ಲ. ಹುಳಿ ಜಾಸ್ತಿ, ಒಗರು ಜಾಸ್ತಿ, ಸಿಹಿ ಸಾಲದು, ಗಂಟಲು ಬಿಸಿಯಾಗುತ್ತದೆ: ಇಷ್ಟು ಹೇಳಿದರೆ ತಿಳಿದವರಿಗೆ ಸಾಕು. ರೆಡ್ ವೈನ್ ಬಾಯಲ್ಲಿ ಇಟ್ಟುಕೊಂಡಾಗ ಎಳೆ ಅಡಿಕೆ ಕಚ್ಚಿದ ಹಾಗೆ ಒಸಡು ಬಿಗಿಯಾಗುತ್ತದಲ್ಲ, ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್. ಅದು ನಿಮಗೆ ಎಷ್ಟು ಹಿಡಿಸುತ್ತದೆ ಎಂದು ಗೊತ್ತಾದರೆ ರೆಡ್ ವೈನ್ ಆರಿಸುವ ಕೆಲಸ ಅರ್ಧ ಮುಗಿದಂತೆ.

ಕೌಂಟರಿನ ಮೇಲೆ ಒಂದು ಪಾತ್ರೆ ಇರುತ್ತದೆ, ನಮ್ಮವರು ಅದರ ಕಡೆ ನೋಡುವುದಿಲ್ಲ. ಗ್ಲಾಸಿನಲ್ಲಿ ಉಳಿದ ವೈನ್ ಸುರಿಯಲು, ಬಾಯಲ್ಲಿಟ್ಟು ರುಚಿ ನೋಡಿದ್ದನ್ನು ಉಗುಳಲು ಇಟ್ಟಿರುವ ಪಾತ್ರೆ ಅದು. ನಾಲ್ಕು ಜನರ ಮುಂದೆ ಉಗುಳುವುದೆಂದರೆ ಎಂಜಲಿನ ಭಾವ ಅಡ್ಡ ಬರುತ್ತದೆ, ಕೊಟ್ಟ ದುಡ್ಡು ಚೆಲ್ಲಿದಂತೆಯೂ ಅನಿಸುತ್ತದೆ. ಆದರೆ ವೈನ್ ಕೊಳ್ಳುವುದೇ ಕಸುಬಾಗಿರುವವರು ದಿನಕ್ಕೆ ಹತ್ತಾರು ವೈನ್ ನೋಡುವುದು ಹೀಗೇ. ಉಗುಳಲು ಮುಜುಗರವಾದರೆ ಎರಡು ಗುಟುಕು ಕುಡಿದು ಉಳಿದದ್ದನ್ನು ಪಾತ್ರೆಗೆ ಸುರಿಯಿರಿ. ನಿಮ್ಮ ಗ್ಲಾಸಿಗೆ ಹಾಕಿಕೊಟ್ಟವರಿಗೆ ಅವಮಾನ ಮಾಡಿದಂತೆ ಆಗುವುದಿಲ್ಲ. ಗಂಡ ಹೆಂಡತಿ ಹೋದರೆ ಒಬ್ಬರ ದುಡ್ಡು ಕೊಟ್ಟು ಇಬ್ಬರೂ ಒಂದೇ ಗ್ಲಾಸಿನಲ್ಲಿ ರುಚಿ ನೋಡಬಹುದೇ ಎಂದು ಕೇಳಿ. ಕುಡಿಯುವುದೂ ಖರ್ಚೂ ಎರಡೂ ಅರ್ಧಕ್ಕೆ ಇಳಿಯುತ್ತವೆ.

ಕೊರತೆಗಳೂ ಇವೆ. ಶುರುವಾದ ಒಂದು ಗಂಟೆಯ ಮೇಲೆ ಜನ ತುಂಬಿಕೊಂಡರೆ ಮಾತಿಗೆ ಜಾಗವೇ ಇರುವುದಿಲ್ಲ, ಬಾಗಿಲು ತೆರೆದ ಹೊತ್ತಿಗೇ ಹೋಗುವುದು ಲೇಸು. ಅದಕ್ಕಿಂತ ದೊಡ್ಡದು, ಅಲ್ಲಿ ತಿನ್ನಲು ಬಿಸ್ಕತ್ತು ಬಿಟ್ಟರೆ ಏನೂ ಇರುವುದಿಲ್ಲ. ಬರಿಯ ಗುಟುಕಿನಲ್ಲಿ ಮನಸ್ಸು ಸೆಳೆಯುವ ವೈನ್ ಬೇರೆ, ಊಟದ ಜೊತೆ ಹಿತವಾಗುವ ವೈನ್ ಬೇರೆ. ಓಕ್ ಪೀಪಾಯಿಯ ವಾಸನೆ ತುಂಬಿದ, ದಪ್ಪನೆಯ, ಆಲ್ಕೋಹಾಲ್ ಜಾಸ್ತಿ ಇರುವ ಕ್ಯಾಬರ್ನೆ ಎಂಬ ರೆಡ್ ವೈನ್ ಕೌಂಟರಿನ ಮುಂದೆ ಎಲ್ಲರಿಗೂ ಇಷ್ಟವಾಗುತ್ತದೆ. ಅದನ್ನೇ ಮನೆಗೆ ತಂದು ಖಾರದ ಸಾರಿನ ಜೊತೆ ಕುಡಿದು ನೋಡಿ. ಟ್ಯಾನಿನ್ನೂ ಆಲ್ಕೋಹಾಲೂ ಖಾರದ ಉರಿಯನ್ನು ಹೆಚ್ಚಿಸುತ್ತವೆ, ವೈನಿನಲ್ಲಿದ್ದ ಹಣ್ಣಿನ ರುಚಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಇದನ್ನು ತಪ್ಪಿಸಲು ದಾರಿ ಇದೆ. ಅಂಗಡಿಯವರನ್ನು ಒಂದು ಮಾತು ಕೇಳಿ, ಸಣ್ಣ ಡಬ್ಬಿಯಲ್ಲಿ ಒಂದಷ್ಟು ಕೋಡುಬಳೆ ತೆಗೆದುಕೊಂಡು ಹೋಗಿ. ಪ್ರತಿ ವೈನನ್ನೂ ಮೊದಲು ಬರಿದೇ ಕುಡಿದು, ಆಮೇಲೆ ಒಂದು ತುಂಡು ಕೋಡುಬಳೆ ಅಗಿದು ಕುಡಿಯಿರಿ. ನಿಮ್ಮ ಪಟ್ಟಿ ತಲೆಕೆಳಗಾಗುವ ಸಾಧ್ಯತೆ ಹೆಚ್ಚು. ಕೌಂಟರಿನ ಆಚೆ ಇರುವವರಿಗೂ ಒಂದು ಕೊಡಿ. ನಿಮ್ಮ ಮನೆಯ ರುಚಿ ಏನೆಂದು ಅವರಿಗೆ ವಿವರಿಸಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕೂತು ಕಲಿಯುವ ಕ್ಲಾಸ್

ಇದರ ಬೆಲೆ ಶುಕ್ರವಾರದ ಎರಡು ಮೂರರಷ್ಟು, 40ರಿಂದ 75 ಡಾಲರ್. ಬದಲಿಗೆ ಆರೆಂಟು ಗ್ಲಾಸ್ ಒಟ್ಟಿಗೆ ಮುಂದೆ ಇಡುತ್ತಾರೆ. ಒಂದರ ಪಕ್ಕ ಒಂದಿಟ್ಟು ನೋಡುವುದರಿಂದ ಆಗುವ ಕಲಿಕೆ ಒಂದಾದ ಮೇಲೊಂದು ಕುಡಿಯುವುದರಲ್ಲಿ ಇಲ್ಲ. ಫ್ರಾನ್ಸಿನ ಸಾನ್ಸೇರ್, ನ್ಯೂಜಿಲೆಂಡಿನ ಮಾರ್ಲ್‌ಬರೋ, ನಾಪಾ ಮೂರೂ ಕಡೆಯ ಸೋವಿಯೊಂ ಬ್ಲಾಂಕ್ ಎಂಬ ವೈಟ್ ವೈನ್ ಒಂದೇ ದ್ರಾಕ್ಷಿಯದು. ಮೂರನ್ನೂ ಸಾಲಾಗಿ ಇಟ್ಟು ಮೂಸಿದರೆ ಮಣ್ಣು, ಬಿಸಿಲು, ಮಾಡುವವರ ಕೈ ಇವುಗಳಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ರೀಸ್ಲಿಂಗ್ ದ್ರಾಕ್ಷಿಯ ಹತ್ತು ವರ್ಷ ದಾಟಿದ ವೈಟ್ ವೈನ್ ಒಂದನ್ನು ಮುಂದಿಟ್ಟಾಗ ಮೂಗಿಗೆ ಸೀಮೆಎಣ್ಣೆಯ ಸುಳಿವು ಬಂದರೆ ಗಾಬರಿಯಾಗಬೇಡಿ. ಅದು ಆ ದ್ರಾಕ್ಷಿಯ ಸಹಜ ಗುಣ, ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬೇರೆ: ಬಿರಡೆಯಿಂದ ವೈನ್ ಕೆಟ್ಟಿದೆ ಎಂದರ್ಥ. ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಕ್ಲಾಸಿಗೆ ಕೊಟ್ಟ ದುಡ್ಡು ಬಂದಂತೆ. ಬಿರಡೆ ಕೆಟ್ಟ ಬಾಟಲಿಯನ್ನು ಒಳ್ಳೆಯ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ಅದನ್ನು ಚೆಲ್ಲದೆ ತಂದು ತೋರಿಸಬೇಕು ಅಷ್ಟೇ.

ಕ್ಲಾಸುಗಳಲ್ಲಿ ಲೇಬಲ್ ಮುಚ್ಚಿ ಕುಡಿಸುವ ಬ್ಲೈಂಡ್ ಟೇಸ್ಟಿಂಗ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಕ್ಯಾಲಿಫೋರ್ನಿಯಾದ ವೈನಿಗೆ ಜಗತ್ತಿನಲ್ಲಿ ಹೆಸರು ಬಂದದ್ದೇ ಅಂಥ ಒಂದು ಟೇಸ್ಟಿಂಗ್‌ನಿಂದ, ಅದನ್ನು ಏರ್ಪಡಿಸಿದ್ದು ಒಬ್ಬ ವೈನ್ ಅಂಗಡಿಯ ಮಾಲೀಕ. ಪ್ಯಾರಿಸ್ಸಿನಲ್ಲಿ ಸಣ್ಣ ವೈನ್ ಅಂಗಡಿ ನಡೆಸುತ್ತಿದ್ದ ಸ್ಟೀವನ್ ಸ್ಪರಿಯರ್ 1976ರ ಮೇ 24ರಂದು ಫ್ರಾನ್ಸಿನ ತೀರ್ಪುಗಾರರನ್ನು ಕೂರಿಸಿ, ಹೆಸರು ಹೇಳದೆ ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಕುಡಿಸಿದರು. ಬಿಳಿಯದರಲ್ಲಿ ಶಾಟೊ ಮೊಂಟೆಲೀನಾದ 1973ರ ಶಾರ್ಡನೇ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಮೊದಲ ಸ್ಥಾನಕ್ಕೆ ಬಂದವು. ಎರಡೂ ನಾಪಾದ ವೈನರಿಗಳವು. ಲೇಬಲ್ ಕಂಡಿದ್ದರೆ ಆ ತೀರ್ಪುಗಾರರು ಹಾಗೆ ಅಂಕ ಕೊಡುತ್ತಿದ್ದರೇ? ಬೆಲೆ ನೋಡಿ, ಹೆಸರು ನೋಡಿ ನಮ್ಮ ನಾಲಿಗೆಯೂ ಬದಲಾಗುತ್ತದೆ. ತನಗೆ ನಿಜಕ್ಕೂ ಏನು ಇಷ್ಟ ಎಂದು ತಿಳಿಯಬೇಕಾದವರಿಗೆ ಮುಚ್ಚಿದ ಬಾಟಲಿಯೇ ಸರಿ.

ಆದರೆ ಹೊಚ್ಚ ಹೊಸಬರಿಗೆ ಕ್ಲಾಸ್ ಬೇಡ ಎನ್ನುತ್ತೇನೆ. ನಾಲ್ಕೈದು ಶುಕ್ರವಾರ ಕಳೆದು, ತಲೆಯಲ್ಲಿ ಒಂದೆರಡು ಪ್ರಶ್ನೆ ಹುಟ್ಟಿದ ಮೇಲೆ ಹೋದರೆ ಅದರ ಪೂರ್ತಿ ಪ್ರಯೋಜನ. ಆರೆಂಟು ಗ್ಲಾಸ್ ಇರುವುದರಿಂದ ಆ ರಾತ್ರಿ ಊಬರ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವೈನ್ ಮಾಡುವವರು ಬರುವ ಸಂಜೆ, ಮತ್ತು ಸಸ್ಯಾಹಾರಿಗಳ ಪ್ರಶ್ನೆ

ಯಾವುದೋ ವೈನರಿಯವರು ಅಥವಾ ಆಮದು ಮಾಡುವವರು ಬಂದು ತಮ್ಮದೇ ಬಾಟಲಿಗಳನ್ನು ಸುರಿಯುವ ಸಂಜೆಗಳು ಅಗ್ಗ, ಕೆಲವೊಮ್ಮೆ ಪುಕ್ಕಟೆ. ಒಂದೇ ಮನೆಯ ವೈನ್ ಆದ್ದರಿಂದ ವೈವಿಧ್ಯ ಕಡಿಮೆ. ಬಂದವರು ತಮ್ಮದನ್ನು ಹೊಗಳುವುದೂ ಸಹಜ. ಆ ವೈನ್ ಈಗಾಗಲೇ ಇಷ್ಟವಾಗಿದ್ದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಇದು ಬಿಡಬಾರದ ಸಂಜೆ. ವೈನ್ ದ್ರಾಕ್ಷಿಯಿಂದಲೇ ಆದರೂ, ಅದನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವ ಪದ್ಧತಿ ಇದೆ. ಅವು ಕೆಸರಿನ ಜೊತೆ ತಳಕ್ಕೆ ಇಳಿದು, ವೈನನ್ನು ಮೇಲಿಂದ ತೆಗೆದಾಗ ಬಹುಮಟ್ಟಿಗೆ ಅಲ್ಲೇ ಉಳಿಯುತ್ತವೆ ನಿಜ, ಆದರೂ ಮುಟ್ಟದವರಿಗೆ ಅದು ಮುಖ್ಯದ ವಿಷಯವೇ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ತಿಳಿಮಾಡುವವರೂ ಇದ್ದಾರೆ, ಏನೂ ಹಾಕದೆ ತಾನಾಗಿ ತಿಳಿಯಾಗಲು ಬಿಡುವವರೂ ಇದ್ದಾರೆ. ಅಮೆರಿಕದ ಲೇಬಲ್‌ಗಳಲ್ಲಿ ಇದನ್ನು ಬರೆಯಬೇಕೆಂಬ ಕಡ್ಡಾಯವಿಲ್ಲ. ರಿಜ್‌ನಂಥ ವೈನರಿ ತಾನಾಗಿ ಬಾಟಲಿಯ ಮೇಲೆ ಸಾಮಗ್ರಿಗಳ ಪಟ್ಟಿ ಹಾಕುತ್ತದೆ, ಅಂಥವರು ಕಡಿಮೆ. ಆದ್ದರಿಂದ ಮಾಡಿದವರೇ ಎದುರಿಗೆ ಇದ್ದಾಗ ನೇರವಾಗಿ ಕೇಳಿ: ತಿಳಿಮಾಡಲು ಏನು ಹಾಕುತ್ತೀರಿ? ಅವರಿಗೆ ಇದು ಹೊಸ ಪ್ರಶ್ನೆಯಲ್ಲ, ವೀಗನ್ ಗಿರಾಕಿಗಳು ದಿನವೂ ಕೇಳುತ್ತಾರೆ.

ತಿಂಗಳ ಕ್ಲಬ್

ಅಂಗಡಿಯವರಿಗೆ ನಿಮ್ಮ ರುಚಿ ಗೊತ್ತಾಗುವ ಮೊದಲು ಸೇರಬೇಡಿ. ಗೊತ್ತಾದ ಮೇಲೆ, ವಾರಕ್ಕೊಂದು ಸಲವಾದರೂ ಗ್ಲಾಸ್ ಎತ್ತುವ ಮನೆಯಾದರೆ, ಸೇರಬಹುದು. ಇಲ್ಲದಿದ್ದರೆ ಬಾಟಲಿಗಳು ಗ್ಯಾರೇಜಿನಲ್ಲಿ ಕೂಡಿಬೀಳುತ್ತವೆ. ಸ್ಯಾನ್ ರಮೋನ್, ಲಿವರ್‌ಮೋರ್ ಕಡೆಯ ಸೆಪ್ಟೆಂಬರ್ ಬಿಸಿಲಿಗೆ ಗ್ಯಾರೇಜಿನಲ್ಲಿಟ್ಟ ವೈನ್ ಬೇಯುತ್ತದೆ, ಹಣ್ಣಿನ ರುಚಿ ಹೋಗಿ ಸಪ್ಪೆಯಾಗುತ್ತದೆ. ಮನೆಯೊಳಗೆ ತಂಪಾದ ಕಪಾಟು ಇದ್ದರೆ ಅಲ್ಲಿಡಿ.

ನಾಪಾ, ಲಿವರ್‌ಮೋರ್, ಮಾಂಟೆ ಬೆಲ್ಲೊ

ನಾಪಾ ಚೆಂದದ ಕಣಿವೆ, ಒಮ್ಮೆ ನೋಡಲೇಬೇಕು. ಊರಿಂದ ಅಪ್ಪ ಅಮ್ಮ ಬಂದಾಗ ಅವರು ಕುಡಿಯದಿದ್ದರೂ ದ್ರಾಕ್ಷಿತೋಟದ ನಡುವೆ ಅರ್ಧ ದಿನ ಖುಷಿಯಾಗಿ ಕಳೆಯುತ್ತಾರೆ. ಆದರೆ ವೈನ್ ಕಲಿಯುವ ಜಾಗವಾಗಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ಒಂದು ವೈನರಿಯಲ್ಲಿ ಒಬ್ಬರಿಗೆ 50 ಡಾಲರ್ ದಾಟುವುದು ಸಾಮಾನ್ಯ, ಬಹಳ ಕಡೆ ಮೊದಲೇ ಬುಕ್ ಮಾಡಬೇಕು. ಕುಡಿಸುವುದು ಆ ಒಂದು ವೈನರಿಯದ್ದನ್ನೇ, ಅದರಲ್ಲೂ ಕ್ಯಾಬರ್ನೆಯದೇ ಮೇಲುಗೈ. ಎರಡು ವೈನರಿ ಮುಗಿಸುವಷ್ಟರಲ್ಲಿ ಇಬ್ಬರಿಗೆ 200 ಡಾಲರ್ ಆಗಿರುತ್ತದೆ, ಜೊತೆಗೆ ವಾಪಸ್ ಬರುವ ದೂರ ಬೇರೆ. ಗಾಡಿ ಓಡಿಸುವವರು ಒಂದು ತೊಟ್ಟೂ ಕುಡಿಯುವುದಿಲ್ಲ ಎಂದು ಹೊರಡುವ ಮೊದಲೇ ತೀರ್ಮಾನವಾಗಬೇಕು. ತೆರೆದ ಬಾಟಲಿ ತರುವುದಿದ್ದರೆ ಡಿಕ್ಕಿಯಲ್ಲಿ ಇಡಬೇಕು, ಸೀಟಿನ ಬಳಿ ಇಟ್ಟರೆ ಕೇಸ್.

ತೋಟ ನೋಡುವ ಆಸೆಯಿದ್ದು ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಲಿವರ್‌ಮೋರ್ ಇದೆ. ಫ್ರೀಮಾಂಟ್‌ನವರಿಗೆ ಅದು ಪಕ್ಕದ ಊರು. ಅಲ್ಲಿಯ ವೆಂಟೆ ಮತ್ತು ಕಾನ್ಕಾನನ್ ಎರಡೂ 1883ರಲ್ಲಿ ಶುರುವಾದವು. ಕ್ಯಾಲಿಫೋರ್ನಿಯಾದ ಶಾರ್ಡನೇ ತೋಟಗಳಲ್ಲಿ ಬಹುಪಾಲಿನ ಬಳ್ಳಿಗಳ ಮೂಲ ಹುಡುಕಿದರೆ ವೆಂಟೆಯ ತೋಟಕ್ಕೆ ಹೋಗಿ ಮುಟ್ಟುತ್ತದೆ. ಕಾನ್ಕಾನನ್‌ನವರದು ಪೆಟೀಟ್ ಸಿರಾ. ಕಪ್ಪಗೆ, ಒಗರಾಗಿ, ಗಟ್ಟಿ ಆಳಿನಂಥ ವೈನ್. ಕ್ಯುಪರ್ಟಿನೋದವರಿಗಂತೂ ತಲೆ ಮೇಲೆಯೇ ಬೆಟ್ಟವಿದೆ. ರಿಜ್‌ನವರ ಮಾಂಟೆ ಬೆಲ್ಲೊ ತೋಟ ಅಲ್ಲಿಯದು. 1976ರ ಆ ಪ್ಯಾರಿಸ್ ಟೇಸ್ಟಿಂಗ್‌ನಲ್ಲಿ ಅವರ 1971ರ ಕ್ಯಾಬರ್ನೆ ಐದನೆಯದಾಗಿತ್ತು. ಮೂವತ್ತು ವರ್ಷದ ನಂತರ, 2006ರಲ್ಲಿ, ಅದೇ ಹಳೆಯ ಕೆಂಪು ವೈನ್‌ಗಳನ್ನು ಮತ್ತೆ ಸಾಲಿಗಿಟ್ಟು ಕುಡಿದಾಗ ಮೊದಲನೆಯದಾಗಿ ಬಂತು. ಆಫೀಸಿನಿಂದ ಸ್ವಲ್ಪ ಹೊತ್ತಿನಲ್ಲಿ ಮುಟ್ಟುವ ಬೆಟ್ಟದ ಮೇಲೆ ಇಂಥ ತೋಟವಿದೆಯೆಂದು ಗೊತ್ತಿಲ್ಲದೆ ನಾಪಾಗೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಾರಿ ಕಿರಿದು, ತಿರುವುಗಳು ಹೆಚ್ಚು. ಓಡಿಸುವವರು ಕುಡಿಯಬಾರದು ಎಂಬ ನಿಯಮ ಇಲ್ಲಿ ಇನ್ನೂ ಬಿಗಿ.

ಕಾಸ್ಟ್‌ಕೋ, ಟ್ರೇಡರ್ ಜೋಸ್

ಏನು ಬೇಕೆಂದು ಗೊತ್ತಿರುವವರಿಗೆ ಇವು ಒಳ್ಳೆಯ ಜಾಗ. ಟ್ರೇಡರ್ ಜೋಸ್ 2002ರಲ್ಲಿ ಚಾರ್ಲ್ಸ್ ಶಾ ವೈನನ್ನು 1.99 ಡಾಲರಿಗೆ ಮಾರಲು ಶುರು ಮಾಡಿದಾಗಿನಿಂದ ದಿನದ ಊಟಕ್ಕೂ ವೈನ್ ಇಟ್ಟುಕೊಳ್ಳಬಹುದು ಎಂಬ ಧೈರ್ಯ ಬಹಳ ಮನೆಗಳಿಗೆ ಬಂತು. ಕಾಸ್ಟ್‌ಕೋದ ಕಿರ್ಕ್‌ಲ್ಯಾಂಡ್ ಲೇಬಲ್ಲಿನ ವೈನ್‌ಗಳು ಆ ಬೆಲೆಗೆ ಚೆನ್ನಾಗಿಯೇ ಇರುತ್ತವೆ. ಆದರೆ ಅಲ್ಲಿ ತೆರೆದು ರುಚಿ ತೋರಿಸುವವರಿಲ್ಲ, ಹೋದ ಸಲ ನೀವು ಏನು ಒಯ್ದಿರಿ ಎಂದು ನೆನಪಿಟ್ಟುಕೊಳ್ಳುವವರೂ ಇಲ್ಲ. ಆಯ್ಕೆಯೂ ದೊಡ್ಡ ಪ್ರಮಾಣದಲ್ಲಿ ತಯಾರಾಗುವ ವೈನ್‌ಗಳ ಕಡೆಗೇ ವಾಲಿರುತ್ತದೆ. ನಾನು ಹೇಳುವುದು ಇಷ್ಟು: ರುಚಿಯನ್ನು ಅಂಗಡಿಯಲ್ಲಿ ಕಂಡುಕೊಳ್ಳಿ, ಪಾರ್ಟಿಗೆ ಹನ್ನೆರಡು ಬಾಟಲಿ ಬೇಕಾದಾಗ ಎರಡೂ ಕಡೆ ಬೆಲೆ ಕೇಳಿ. ಒಟ್ಟಿಗೆ ಹನ್ನೆರಡು ಕೊಂಡರೆ 10% ಬಿಡುವ ಸಣ್ಣ ಅಂಗಡಿಗಳು ಬಹಳ ಇವೆ, ಆಗ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ. ಆದರೆ ಒಂದು ಅಂಗಡಿಯವರು ಗಂಟೆಗಟ್ಟಲೆ ರುಚಿ ತೋರಿಸಿ ಕಲಿಸಿದ ವೈನನ್ನೇ ಎರಡು ಡಾಲರ್ ಉಳಿಸಲು ಬೇರೆ ಕಡೆ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹಾಗೆ ಮಾಡಿದರೆ ಆ ಶುಕ್ರವಾರಗಳು ಹೆಚ್ಚು ದಿನ ಉಳಿಯುವುದಿಲ್ಲ.

ನಮ್ಮ ಊಟಕ್ಕೆ, ನಿಮ್ಮ ಬಜೆಟ್ಟಿಗೆ

ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಕುಡಿದು ಬೆಳೆದವರು ಇಲ್ಲಿ ಮೊದಲ ಸಲ ಸಿಹಿಯಿಲ್ಲದ ರೆಡ್ ಕುಡಿದಾಗ ಮುಖ ಕಿವಿಚುತ್ತಾರೆ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ತುಸು ಸಿಹಿ ಇರುವ ವೈಟ್‌ನಿಂದ ಶುರು ಮಾಡಿ. ಖಾರಕ್ಕೆ ಆ ಸಿಹಿಯೇ ತಣ್ಣನೆ ಉತ್ತರ, ಹುಣಸೆಹುಳಿಗೆ ಹುಳಿ ಚೆನ್ನಾಗಿರುವ ವೈನೇ ಜೊತೆ. ಈ ಎರಡೂ ಇರುವುದು ಜರ್ಮನಿಯ ಮೋಸೆಲ್ ಕಡೆಯ ರೀಸ್ಲಿಂಗ್‌ನಲ್ಲಿ. ಲೇಬಲ್ಲಿನಲ್ಲಿ ಕಾಬಿನೆಟ್ ಎಂದಿದ್ದು ಆಲ್ಕೋಹಾಲ್ 8-9% ಇದ್ದರೆ ಅದು ತುಸು ಸಿಹಿಯದು. ಟ್ರೋಕೆನ್ ಎಂದಿದ್ದರೆ ಸಿಹಿಯಿಲ್ಲದ್ದು. ಬಿಸಿಬೇಳೆಬಾತಿಗೆ, ಮಾವಿನಕಾಯಿ ಚಿತ್ರಾನ್ನಕ್ಕೆ, ಗೊಜ್ಜಿಗೆ ನಾನು ಕಾಬಿನೆಟ್ ಬಿಟ್ಟು ಬೇರೆ ಯೋಚಿಸುವುದಿಲ್ಲ. 20ರಿಂದ 30 ಡಾಲರ್ ಆಗುತ್ತದೆ. ಆಲ್ಕೋಹಾಲ್ ಕಡಿಮೆ ಇರುವುದರಿಂದ ಮರುದಿನ ತಲೆಯೂ ಹಗುರ.

15 ಡಾಲರ್ ಒಳಗೆ ಬೇಕೆಂದರೆ ಪೋರ್ಚುಗಲ್ಲಿನ ಹಗುರ ವೈನ್ ವಿನ್ಯೊ ವೆರ್ಡೆ, ಸ್ಪೇನಿನ ಗುಳ್ಳೆಯ ವೈನ್ ಕಾವಾ. ಮೆಣಸಿನಕಾಯಿ ಬಜ್ಜಿ, ನಿಪ್ಪಟ್ಟು, ಹುರಿದ ಕಡಲೆಬೀಜ ಏನಿದ್ದರೂ ಕಾವಾದ ಗುಳ್ಳೆ ಎಣ್ಣೆಯ ಜಿಡ್ಡನ್ನು ತೊಳೆದು ಬಾಯನ್ನು ಮತ್ತೆ ಸಿದ್ಧ ಮಾಡುತ್ತದೆ. ರೆಡ್ಡೇ ಬೇಕು ಎನ್ನುವವರು ಟ್ಯಾನಿನ್ ಕಡಿಮೆ ಇರುವುದನ್ನು ಕೇಳಿ ಪಡೆಯಬೇಕು. ಎಣ್ಣೆಗಾಯಿಗೆ ಬಾರ್ಬೆರಾ ಬಹಳ ಒಪ್ಪುತ್ತದೆ. ಹುಳಿ ಇದೆ, ಒಗರಿಲ್ಲ, ಎಳ್ಳು ಶೇಂಗಾದ ದಪ್ಪ ಮಸಾಲೆಯನ್ನು ಹಗುರಾಗಿಸುತ್ತದೆ. ಇಟಲಿಯದೂ ಸಿಗುತ್ತದೆ, ಇಲ್ಲಿಯ ಸಿಯೆರಾ ತಪ್ಪಲಿನದೂ ಸಿಗುತ್ತದೆ. ನೀರುದೋಸೆ ಕೋಳಿಸಾರಿಗೆ ಫ್ರಾನ್ಸಿನ ಬೊಜೋಲೆಯನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕೊಡಿ. ಆ್ಯಂಡರ್ಸನ್ ವ್ಯಾಲಿಯ ನವಾರೋ ವೈನರಿಯವರ ಗೆವುರ್ಟ್ಸ್‌ಟ್ರಾಮಿನರ್ ಎಂಬ ವೈಟ್ ಕೂಡ ತೆಂಗಿನಕಾಯಿ ಮಸಾಲೆಗೆ ಹೊಂದುತ್ತದೆ, ಗುಲಾಬಿಯಂಥ ಅದರ ಘಮ ಬೇಡವೆನ್ನುವವರೂ ಇರುತ್ತಾರೆ. ಕೊಡಗಿನವರ ಪಂದಿಕರಿಗೆ ಲೋಡೈ ಕಡೆಯ ಹಳೆಯ ಬಳ್ಳಿಯ ಜಿನ್‌ಫಂಡೆಲ್ ಗಟ್ಟಿಯಾಗಿ ನಿಲ್ಲುತ್ತದೆ. ಖಾರ ಒಂದು ಹಿಡಿ ಕಮ್ಮಿ ಇರಲಿ.

40 ಡಾಲರ್ ಮೇಲಿನ ಕ್ಯಾಬರ್ನೆಗಳನ್ನು ನಮ್ಮ ಅಡುಗೆಗೆ ತರಲೇಬೇಡಿ. ಅವನ್ನು ಸವಿಯುವುದಿದ್ದರೆ ಗಟ್ಟಿ ಚೀಸು, ಹುರಿದ ಅಣಬೆ ಇಟ್ಟುಕೊಂಡು ಬೇರೆ ಸಂಜೆ ಮಾಡಿ. ದುಬಾರಿ ವೈನ್ ರುಚಿ ನೋಡುವ ಆಸೆಯಿದ್ದರೆ ಕೊರಾವಿನ್ ಇರುವ ಅಂಗಡಿ ಹುಡುಕಿ. ಬಿರಡೆ ತೆಗೆಯದೆ ಸೂಜಿ ಚುಚ್ಚಿ ವೈನ್ ತೆಗೆದು, ಒಳಗೆ ಆರ್ಗನ್ ಅನಿಲ ತುಂಬುವ ಸಾಧನ ಅದು. 100 ಡಾಲರಿನ ಬಾಟಲಿಯಿಂದಲೂ ಎರಡು ಔನ್ಸ್ ಮಾತ್ರ ಕೊಂಡು ಕುಡಿಯಲು ಅದರಿಂದ ಸಾಧ್ಯವಾಗುತ್ತದೆ.

ಯಾರಿಗೆ ಯಾವುದು

ಹೊಸಬರು, ತಿಂಗಳಿಗೆ 50 ಡಾಲರ್ ಮೀರಬಾರದು ಎನ್ನುವವರು: ಎರಡು ಶುಕ್ರವಾರ, ಒಂದು ಬಾಟಲಿ. ಒಬ್ಬರು ಕುಡಿಯುವ, ಇನ್ನೊಬ್ಬರು ಕುಡಿಯದ ಜೋಡಿಗೂ ಇದೇ ಸರಿ. ಕುಡಿಯದವರಿಗೆ ಒಂದು ಗಂಟೆ ನಿಂತರೆ ಸಾಕು, ಇಡೀ ದಿನ ಕಾರಿನಲ್ಲಿ ಅಲೆಯಬೇಕಿಲ್ಲ. ಸಣ್ಣ ಮಕ್ಕಳಿದ್ದರೆ ಒಳಗೆ ಬಿಡುತ್ತಾರೆಯೇ ಎಂದು ಫೋನ್ ಮಾಡಿ ಕೇಳಿ. ಊರಿಂದ ಬಂದ ತಮ್ಮ ತಂಗಿಯರನ್ನು ಕರೆದೊಯ್ಯುವುದಾದರೆ ಅವರ ಪಾಸ್‌ಪೋರ್ಟ್ ಜೊತೆಗಿರಲಿ. 21 ತುಂಬಿದೆ ಎಂದು ತೋರಿಸಬೇಕಾಗುತ್ತದೆ.

ವರ್ಷಗಳಿಂದ ಒಂದೇ ಬಾಟಲಿ ಕುಡಿದು ಬೇಸತ್ತವರು ಕ್ಲಾಸಿಗೆ ಹೋಗಿ. ಮ್ಯಾನೇಜರಿಗೋ ಅಮೆರಿಕನ್ ನೆರೆಯವರಿಗೋ ಉಡುಗೊರೆ ಕೊಡಬೇಕಾದವರಿಗೆ ಟೇಸ್ಟಿಂಗ್ ಬೇಕಿಲ್ಲ. ಅಂಗಡಿಗೆ ಹೋಗಿ ಅವರು ಏನು ಅಡುಗೆ ಮಾಡುತ್ತಾರೆ, ನಿಮ್ಮ ಬಜೆಟ್ ಎಷ್ಟು ಎಂದು ಹೇಳಿದರೆ ಮುಗಿಯಿತು. ಬಜೆಟ್ ಹೇಳಲು ಸಂಕೋಚ ಬೇಡ. 18 ಡಾಲರ್ ಎಂದರೆ 18 ಡಾಲರಿನದನ್ನೇ ಪ್ರೀತಿಯಿಂದ ಹುಡುಕಿ ಕೊಡುವವರೇ ನಿಮ್ಮ ಅಂಗಡಿಯವರು. 40ರದ್ದಕ್ಕೆ ತಳ್ಳುವವರಾದರೆ ಬೇರೆ ಅಂಗಡಿ ನೋಡಿ.

ಹತ್ತಿರದಲ್ಲಿ ಅಂಥ ಅಂಗಡಿಯೇ ಇಲ್ಲದವರು ಮನೆಯಲ್ಲೇ ಟೇಸ್ಟಿಂಗ್ ಇಡಬಹುದು. ಐದಾರು ಜನ ಸ್ನೇಹಿತರು, ಒಬ್ಬೊಬ್ಬರು 20 ಡಾಲರ್ ಮೀರದ ಒಂದೊಂದು ಬಾಟಲಿ, ಎಲ್ಲವೂ ಒಂದೇ ದ್ರಾಕ್ಷಿಯದು. ಬಾಟಲಿಗಳನ್ನು ಕಂದು ಕಾಗದದ ಚೀಲದಲ್ಲಿ ಸುತ್ತಿ ನಂಬರ್ ಹಾಕಿ. ಒಂದೇ ದ್ರಾಕ್ಷಿಯ ಬದಲು ಬೇರೆಬೇರೆ ಬಗೆಯವು ಇಡುವುದಾದರೆ ಗುಳ್ಳೆಯದು ಮೊದಲು, ಆಮೇಲೆ ವೈಟ್, ಆಮೇಲೆ ಹಗುರ ರೆಡ್, ಗಟ್ಟಿಯದು ಕೊನೆಗೆ. ನಡುವೆ ನೀರು, ಮೊಸರನ್ನ ಇರಲಿ. ಎಲ್ಲರೂ ತಮಗೆ ಹಿಡಿಸಿದ ನಂಬರ್ ಬರೆದ ಮೇಲೆ ಚೀಲ ತೆಗೆಯಿರಿ. ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಕೆಡದೆ ಇರುತ್ತದೆ, ರೆಡ್ಡನ್ನೂ ಅಲ್ಲೇ ಇಡಿ. ಕಾರಿನಲ್ಲಿ ಬಂದವರು ಉಳಿದ ಬಾಟಲಿ ಒಯ್ಯುವುದಾದರೆ ಡಿಕ್ಕಿಗೆ ಹಾಕಿ ಕಳಿಸಿ, ಓಡಿಸುವವರು ಯಾರು ಎಂದು ಬಾಗಿಲಲ್ಲೇ ಕೇಳಿ.